ಊರಲ್ಲಿ ತೋಟ, ಶಿಬಿರದಲ್ಲಿ ಕೋವಿ: ಟೆರಿಟೋರಿಯಲ್ ಆರ್ಮಿ ಸೇರಿದವರಿಗೆ ಮೊದಲು ಏನು ಕಲಿಸುತ್ತಾರೆ?

2025ರ ಮೇ 9ರ ಸಂಜೆ ಸಕಲೇಶಪುರ ಕಡೆಯ ನಮ್ಮೂರಲ್ಲಿ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ. ಟೆರಿಟೋರಿಯಲ್ ಆರ್ಮಿಯವರನ್ನು, ಅಂದರೆ ತಮ್ಮ ಕೆಲಸ ಮಾಡಿಕೊಂಡೇ ಅರೆಕಾಲಿಕವಾಗಿ ಸೇನೆಯಲ್ಲಿ ದುಡಿಯುವವರನ್ನು, ಕರ್ತವ್ಯಕ್ಕೆ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿದೆ ಅನ್ನೋದು. ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ದಿನಗಳು ಅವು. ನಮ್ಮಕ್ಕ ಗಾಬರಿಯಲ್ಲಿ ಫೋನ್ ಮಾಡಿದಳು. "ಊರಲ್ಲಿರೋ ಹುಡುಗರನ್ನೆಲ್ಲ ಕರ್ಕೊಂಡು ಹೋಗ್ತಾರಂತೆ, ಹೌದೇನೋ?"

ಅವಳ ಮಗನಿಗೆ 23 ವರ್ಷ. ನಾಲ್ಕು ಎಕರೆ ಕಾಫಿ ನೋಡಿಕೊಳ್ಳುತ್ತಾನೆ, ಬಿಡುವಿದ್ದಾಗ ಗೂಡ್ಸ್ ಆಟೋ ಓಡಿಸುತ್ತಾನೆ. ಅವನಿಗೆ ಗಾಬರಿ ಇರಲಿಲ್ಲ, ಆಸೆ ಇತ್ತು. ಫೋನ್ ಕಿತ್ತುಕೊಂಡು ಅವನು ಕೇಳಿದ್ದೇ ಬೇರೆ. "ಮಾವ, ಅದಕ್ಕೆ ಸೇರಿದ್ರೆ ಒಂದು ತಿಂಗಳು ಟ್ರೇನಿಂಗ್ ಅಂತೆ. ಒಂದು ತಿಂಗಳಲ್ಲಿ ಸೈನಿಕ ಆಗೋಕಾಗುತ್ತಾ?"

ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆಮೇಲಿನ ದಿನಗಳಲ್ಲಿ ಇದೇ ಪ್ರಶ್ನೆಗಳನ್ನು ಹಾಸನದ ಬಸ್ ಸ್ಟ್ಯಾಂಡಿನಲ್ಲೂ ಕೇಳಿದೆ, ಚಿಕ್ಕಮಗಳೂರಿನ ಮದುವೆ ಮನೆಯಲ್ಲೂ ಕೇಳಿದೆ. ಹಾಗಾಗಿ ಬುಡದಿಂದ ಹೇಳುತ್ತಾ ಹೋಗುತ್ತೇನೆ.

ಯಾರನ್ನು ಕರೆಯುತ್ತಾರೆ?

ಮೊದಲು ಅಕ್ಕನ ಪ್ರಶ್ನೆ. ಊರಿನ ಹುಡುಗರನ್ನು ಸುಮ್ನೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ. ಆ ಆದೇಶ ಅನ್ವಯಿಸುವುದು ತಾವಾಗಿಯೇ ಸೇರಿ, ಈಗಾಗಲೇ ಟೆರಿಟೋರಿಯಲ್ ಆರ್ಮಿಯ ಪಟ್ಟಿಯಲ್ಲಿ ಇರುವವರಿಗೆ ಮಾತ್ರ. 1948ರ ಟೆರಿಟೋರಿಯಲ್ ಆರ್ಮಿ ನಿಯಮಗಳಲ್ಲಿ 33ನೇ ನಿಯಮ ಅಂತ ಒಂದಿದೆ. ಅದರಡಿ ಈ ಅಧಿಕಾರ ಕೊಡಲಾಯಿತು. ಆಗ ಇದ್ದ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ದೇಶದ ಬೇರೆ ಬೇರೆ ಭಾಗಗಳಲ್ಲಿ ನಿಯೋಜಿಸಲು ಒಪ್ಪಿಗೆ ಸಿಕ್ಕಿತು. ಆದೇಶದ ಅವಧಿ 2028ರ ಫೆಬ್ರವರಿ 9ರವರೆಗೆ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: "ಅವನು ಸಹಿ ಹಾಕಿಲ್ಲ ಅಂದ್ರೆ ಅವನನ್ನ ಕರೆಯಲ್ಲ. ಸಹಿ ಹಾಕಿದ ಮೇಲೆ ಕರೆದ್ರೆ ಹೋಗ್ಲೇಬೇಕು."

ಹಾಗಾದರೆ ಇದು ಎಂಥ ಸೈನ್ಯ?

ಹಾಸನಾಂಬೆಯ ಬಾಗಿಲು ತೆಗೆದ ದಿನಗಳನ್ನು ನೆನಪು ಮಾಡಿಕೊಳ್ಳಿ. ಸಾಲು ಊರು ದಾಟಿ ಹೋಗಿರುತ್ತದೆ. ಪೊಲೀಸರು ಸಾಕಾಗುವುದಿಲ್ಲ. ಆಗ ಖಾಕಿ ತೊಟ್ಟ ಗೃಹರಕ್ಷಕ ದಳದವರು ಬಂದು ನಿಲ್ಲುತ್ತಾರೆ. ಅವರಲ್ಲಿ ಒಬ್ಬರು ಟೈಲರ್ ಇರಬಹುದು, ಇನ್ನೊಬ್ಬರು ರೈತ ಇರಬಹುದು. ದೇವಿಯ ಬಾಗಿಲು ಹಾಕಿದ ಮೇಲೆ ಅವರು ತಮ್ಮ ಅಂಗಡಿಗೆ, ಹೊಲಕ್ಕೆ ವಾಪಸ್. ಪೊಲೀಸರಿಗೆ ಗೃಹರಕ್ಷಕರು ಹೇಗೋ, ಸೇನೆಗೆ ಟೆರಿಟೋರಿಯಲ್ ಆರ್ಮಿ ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನೆಂದರೆ ಇದು ಸೇನೆಯದೇ ಭಾಗ. ಇಲ್ಲಿರುವುದು ಸೇನೆಯ ಸಮವಸ್ತ್ರ, ಸೇನೆಯ ಆಯುಧ, ಕರ್ತವ್ಯದಲ್ಲಿರುವಾಗ ಸೇನೆಯ ಕಾನೂನು.

ಬ್ರಿಟಿಷರ ಕಾಲದಲ್ಲೇ, 1920ರಲ್ಲಿ, ಇಂಥದೊಂದು ಪಡೆಗೆ ಕಾನೂನು ಬಂದಿತ್ತು. ಸ್ವಾತಂತ್ರ್ಯದ ನಂತರ 1948ರಲ್ಲಿ ಹೊಸ ಕಾಯ್ದೆಯಾಯಿತು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಇದನ್ನು ಉದ್ಘಾಟಿಸಿದರು. 1962, 1965, 1971ರ ಯುದ್ಧಗಳಲ್ಲಿ ಈ ಪಡೆಯವರು ದುಡಿದಿದ್ದಾರೆ.

ಇದರೊಳಗೆ ಬೇರೆ ಬೇರೆ ಬಗೆಗಳಿವೆ. ರೈಲ್ವೆ ಮತ್ತು ತೈಲ ಕಂಪನಿಗಳ ನೌಕರರನ್ನೇ ಸೇರಿಸಿ ಕಟ್ಟಿದ ಘಟಕಗಳಿವೆ. ಸಂಕಷ್ಟದ ಹೊತ್ತಲ್ಲಿ ರೈಲು, ಇಂಧನ ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ. ಗಿಡ ನೆಟ್ಟು ಬೋಳು ಗುಡ್ಡ ಉಳಿಸುವ ಪರಿಸರ ಬೆಟಾಲಿಯನ್‌ಗಳೂ ಇವೆ. ಮೊದಲನೆಯದು 1982ರಲ್ಲಿ ಶುರುವಾಗಿ, ಸುಣ್ಣದಕಲ್ಲಿನ ಗಣಿಗಾರಿಕೆಯಿಂದ ಹಾಳಾಗಿದ್ದ ಮಸ್ಸೂರಿಯ ಬೆಟ್ಟಗಳಲ್ಲಿ ಕಾಡು ಬೆಳೆಸಿತು. ನಮ್ಮ ಕಡೆಯ ಹುಡುಗರು ಸಾಮಾನ್ಯವಾಗಿ ಹೋಗುವುದು ಕಾಲಾಳು ಬೆಟಾಲಿಯನ್‌ಗೆ. ನಮ್ಮ ರಾಜ್ಯದಲ್ಲಿ ಬೆಳಗಾವಿಯಲ್ಲಿ ಅಂಥದೊಂದು ಬೆಟಾಲಿಯನ್ ಇದೆ. 2024ರ ನವೆಂಬರ್‌ನಲ್ಲಿ ಅಲ್ಲಿ ನಡೆದ ಭರ್ತಿ ರ‍್ಯಾಲಿಗೆ ಸಾವಿರಾರು ಜನ ಬಂದಿದ್ದರು.

ಧೋನಿ ಹೆಸರು ಇಲ್ಲಿ ಬಂದೇ ಬರುತ್ತದೆ, ಅಲ್ವಾ? ಅವರಿಗೆ 2011ರಲ್ಲಿ ಸಿಕ್ಕಿದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ. ಗೌರವ ಹುದ್ದೆ ಬೇರೆ, ಪರೀಕ್ಷೆ ಬರೆದು ಆಯ್ಕೆಯಾಗಿ ಸೇರುವುದು ಬೇರೆ. ನಮ್ಮ ಮಾತು ಎರಡನೆಯದರ ಬಗ್ಗೆ.

ದಿನಗಳ ಲೆಕ್ಕ

ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ. ಅದಲ್ಲದೆ ಪ್ರತಿ ವರ್ಷ ಎರಡು ತಿಂಗಳ ವಾರ್ಷಿಕ ಶಿಬಿರ. ಮೊದಲ ವರ್ಷಕ್ಕೂ ಈ ಶಿಬಿರ ಉಂಟು. ಅಧಿಕಾರಿಗಳಾಗಿ ಸೇರಿದವರಿಗೆ ಇನ್ನೂ ಒಂದಿದೆ: ಮೊದಲ ಎರಡು ವರ್ಷಗಳೊಳಗೆ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ 3 ತಿಂಗಳ ತರಬೇತಿ. ನಗರದ ಘಟಕಗಳಲ್ಲಿ ವಾರಾಂತ್ಯ ಮತ್ತು ರಜೆ ದಿನಗಳಲ್ಲೂ ಕಲಿಸುವ ಪದ್ಧತಿ ಇದೆ. ಅಲ್ಲಿ 4 ಗಂಟೆ ತರಬೇತಿಯಾದರೆ ಒಂದು ದಿನ ಅಂತ ಲೆಕ್ಕ.

ಇಲ್ಲಿ ಒಂದು ಪದ ಗೊತ್ತಿರಬೇಕು: ಎಂಬಾಡಿಮೆಂಟ್. ಕಾಗದಪತ್ರಗಳಲ್ಲಿ ಪುಟಪುಟಕ್ಕೂ ಇದು ಸಿಗುತ್ತದೆ. ಸೇರಿದವರನ್ನು ಮನೆಯಿಂದ ಕರೆಸಿ ಪೂರ್ಣಾವಧಿ ಕರ್ತವ್ಯಕ್ಕೆ ಹಚ್ಚುವುದೇ ಎಂಬಾಡಿಮೆಂಟ್. ತರಬೇತಿಗಾಗಿಯೂ ಹಾಗೆ ಕರೆಸಬಹುದು, ನಿಜವಾದ ಕಾವಲು ಕೆಲಸಕ್ಕೂ ಕರೆಸಬಹುದು. ಆ ಅವಧಿ ಮುಗಿದರೆ ಮತ್ತೆ ಮನೆ. ಹೆಸರಿಗೆ ಅರೆಕಾಲಿಕ ಅಂದರೂ ಕೆಲವು ಬೆಟಾಲಿಯನ್‌ಗಳು ವರ್ಷಗಟ್ಟಲೆ ಎಂಬಾಡಿಮೆಂಟ್‌ನಲ್ಲೇ ಇರುತ್ತವೆ. ಸೇರುವ ಮುಂಚೆ ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಬಹಳ ಜನ ಮಾತಾಡಿಕೊಂಡಿರುವುದಿಲ್ಲ.

ಲೆಫ್ಟ್-ರೈಟ್ ಯಾಕೆ?

ನಮ್ಮೂರಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಎಲ್ಲರೂ ಮಿಲ್ಟ್ರಿ ಅಣ್ಣ ಅಂತಲೇ ಕರೆಯುತ್ತೇವೆ. ಸೇವೆಯ ಕೊನೆಯಲ್ಲಿ ಹೊಸಬರಿಗೆ ಕಲಿಸುವ ಕೆಲಸದಲ್ಲಿದ್ದವರು. ಅಕ್ಕನ ಮಗನನ್ನು ಅವರ ಮನೆಗೆ ಕರೆದುಕೊಂಡು ಹೋದೆ.

ಅವನು ಮೊದಲು ಕೇಳಿದ್ದು ಕೋವಿಯ ಬಗ್ಗೆ. ಅವರು ಹೇಳಿದ್ದು ಕಾಲಿನ ಬಗ್ಗೆ. "ಮೊದಲ್ನೇ ವಾರ ನಿನ್ನ ವೈರಿ ಯಾರು ಗೊತ್ತಾ? ಬೂಟು. ನಮ್ಮ ಹುಡುಗ್ರು ಹವಾಯಿ ಚಪ್ಪಲಿಲಿ ಬೆಳೆದೋರು. ಬೂಟು ಹಾಕ್ಕೊಂಡು ಎರಡು ದಿನ ಓಡಿದ್ರೆ ಹಿಮ್ಮಡಿ ಬೊಬ್ಬೆ ಬಂದು ಒಡೆಯುತ್ತೆ. ಮೂರನೇ ದಿನ ಕುಂಟ್ತಾರೆ." ಬೂಟು ಕಾಲಿಗೆ ಒಗ್ಗಬೇಕು, ಕಾಲುಚೀಲ ಒಣಗಿರಬೇಕು, ಉಗುರು ಕತ್ತರಿಸಿರಬೇಕು. ಇದೂ ಪಾಠವೇ. ನಡೆಯಲಾಗದ ಕಾಲಾಳು ಕಾಲಾಳು ಹೇಗಾದಾನು?

ದಿನ ಶುರುವಾಗುವುದು ಬೆಳಕು ಹರಿಯುವ ಮುಂಚೆ, ಪೀಟಿಯಿಂದ. ಓಟ, ದಂಡ, ಹಗ್ಗ ಹತ್ತುವುದು. ಆಮೇಲೆ ಡ್ರಿಲ್. "ಸಾವಧಾನ್" ಅಂದರೆ ನೆಟ್ಟಗೆ ಅಲುಗದೆ ನಿಲ್ಲಬೇಕು. "ವಿಶ್ರಾಮ್" ಅಂದರೆ ಕಾಲು ಅಗಲಿಸಿ ನಿಲ್ಲಬೇಕು. "ತೇಜ್ ಚಲ್" ಅಂದರೆ ನಿಮಿಷಕ್ಕೆ 120 ಹೆಜ್ಜೆಯ ಲೆಕ್ಕದಲ್ಲಿ, ಒಂದೊಂದು ಹೆಜ್ಜೆ 30 ಅಂಗುಲದಂತೆ ನಡಿಗೆ. "ಥಮ್" ಅಂದರೆ ನಿಲ್ಲಬೇಕು. ಕಲಿಸುವವರಿಗೆ ಉಸ್ತಾದ್ ಅನ್ನುತ್ತಾರೆ.

ಯುದ್ಧದಲ್ಲಿ ಯಾರೂ ಸಾಲಾಗಿ ಲೆಫ್ಟ್-ರೈಟ್ ಮಾಡುವುದಿಲ್ಲವಲ್ಲ, ಮತ್ತೆ ಇದೆಲ್ಲ ಯಾಕೆ? ತೇರು ಎಳೆದವರಿಗೆ ಉತ್ತರ ಬೇಗ ಹೊಳೆಯುತ್ತದೆ. ನೂರು ಜನ ಹಗ್ಗ ಹಿಡಿದರೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆದರೆ ತೇರು ಅಲುಗುವುದಿಲ್ಲ. ಒಂದು ಕೂಗಿಗೆ ಎಲ್ಲರ ಕೈಯೂ ಒಟ್ಟಿಗೆ ಬಿಗಿಯಬೇಕು. ಡ್ರಿಲ್ ಕಲಿಸುವುದು ಅದನ್ನೇ. ಮಾತು ಕಿವಿಗೆ ಬಿದ್ದ ಕೂಡಲೇ ಮೈ ಕೆಲಸ ಶುರು ಮಾಡಬೇಕು. ಗುಂಡು ಹಾರುವಾಗ "ಮಲಗು" ಅಂದರೆ ಯಾಕೆ ಅಂತ ಕೇಳುತ್ತಾ ನಿಲ್ಲಲು ಪುರುಸೊತ್ತಿರುವುದಿಲ್ಲ. ಇಪ್ಪತ್ತು ಜಿಲ್ಲೆಗಳಿಂದ ಬಂದ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹುಡುಗರನ್ನು ಬೇಗ ಒಂದು ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಕಲಿಸುವ ಮಾತು ಹಿಂದಿ. ನಮ್ಮ ಕಡೆಯವರಿಗೆ ಮೊದಲ ಹತ್ತು ದಿನ ಕಷ್ಟ ಕೊಡುವುದು ಓಟಕ್ಕಿಂತ ಜಾಸ್ತಿ ಇದೇ. "ದಾಹಿನೆ" ಅಂದರೆ ಬಲಕ್ಕೆ, "ಬಾಯೆ" ಅಂದರೆ ಎಡಕ್ಕೆ ಅಂತ ತಲೆಯಲ್ಲಿ ಅನುವಾದ ಮಾಡಿಕೊಳ್ಳುವಷ್ಟರಲ್ಲಿ ಸಾಲು ತಿರುಗಿಬಿಟ್ಟಿರುತ್ತದೆ. ಇಂಥ ಒಂದು ಐವತ್ತು ಪದ ಮನೆಯಲ್ಲೇ ಕಲಿತುಕೊಂಡು ಹೋದರೆ ತುಂಬಾ ಉಪಕಾರ.

ಕೋವಿಯ ಪಾಠ ಗುಂಡಿನಿಂದ ಶುರುವಾಗುವುದಿಲ್ಲ

ನಮ್ಮ ತೋಟಗಳ ಕಡೆ ಲೈಸೆನ್ಸ್ ಕೋವಿ ಹೊಸದೇನಲ್ಲ. ಹಾಗಾಗಿ ಅಕ್ಕನ ಮಗನಿಗೆ ತನಗೆ ಅರ್ಧ ಗೊತ್ತು ಅನ್ನುವ ಧೈರ್ಯ. ಮಿಲ್ಟ್ರಿ ಅಣ್ಣ ಒಳಗಿಂದ ಒಂದು ಪಿವಿಸಿ ಪೈಪಿನ ತುಂಡು ತಂದು ಅವನ ಕೈಗೆ ಕೊಟ್ಟರು. "ಇದು ರೈಫಲ್ ಅಂದ್ಕೋ" ಅಂದರು. ಅವನು ಹಿಡಿದುಕೊಂಡು ಖುಷಿಯಿಂದ ನನ್ನ ಕಡೆ ತಿರುಗಿದ. ಅವರು ಪೈಪಿನ ತುದಿಯನ್ನು ನೆಲಕ್ಕೆ ಒತ್ತಿದರು. "ಮುಗೀತು. ಮೊದಲ್ನೇ ತಪ್ಪು ಇದೇ. ಖಾಲಿ ಇದ್ರೂ ಅದರ ಬಾಯಿ ಮನುಷ್ಯರ ಕಡೆ ತಿರುಗಬಾರದು."

ಆಯುಧ ಕೈಗೆ ಬಂದ ತಕ್ಷಣ ಖಾಲಿ ಇದೆಯಾ ನೋಡು. ಇನ್ನೊಬ್ಬರಿಗೆ ಕೊಡುವಾಗ ಖಾಲಿ ಮಾಡಿ, ತೋರಿಸಿ, ಕೊಡು. ಗುಂಡು ಹಾರಿಸುವ ಗಳಿಗೆ ಬರುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಇದನ್ನು ನೂರಾರು ಸಲ ಮಾಡಿಸುತ್ತಾರೆ. ನಿದ್ದೆಗಣ್ಣಲ್ಲೂ ಕೈ ತಪ್ಪಬಾರದು.

ಆಮೇಲೆ ಬಿಚ್ಚಿ ಜೋಡಿಸುವುದು. ಹೊಸಬರು ಬಹಳ ಕಾಲದಿಂದ ಕಲಿಯುತ್ತಾ ಬಂದಿರುವುದು 5.56 ಎಂಎಂ ಇನ್ಸಾಸ್ ರೈಫಲ್‌ನಲ್ಲಿ. ತೂಕ ಸುಮಾರು 4 ಕೆಜಿ. ಅದರ ಮ್ಯಾಗಜಿನ್‌ಗೆ 20 ಗುಂಡು ಹಿಡಿಯುತ್ತದೆ. ಬಿಚ್ಚಿದ ಭಾಗಗಳನ್ನು ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಬೇಕು, ಕೊನೆಗೆ ಬಿಚ್ಚಿದ್ದರಿಂದ ಶುರು ಮಾಡಿ ಜೋಡಿಸಬೇಕು. ಸಾಫ್ ಮಾಡಲು ಪುಲ್‌ಥ್ರೂ ಅನ್ನುವ ಹುರಿ ಇರುತ್ತದೆ. ಒಂದು ತುದಿಯಲ್ಲಿ ಭಾರದ ತುಂಡು, ಇನ್ನೊಂದು ತುದಿಯಲ್ಲಿ ಬಟ್ಟೆ ಸಿಕ್ಕಿಸುವ ಕುಣಿಕೆ. ಆ ಬಟ್ಟೆಗೆ ಸೇನೆಯಲ್ಲಿ ಚಿಂದಿ ಅನ್ನುತ್ತಾರೆ, ನಾವು ಅನ್ನುವ ಚಿಂದಿಯೇ. ಉದ್ದ 4 ಅಂಗುಲ, ಅಗಲ 2 ಅಂಗುಲ.

ಮಿಲ್ಟ್ರಿ ಅಣ್ಣ ಹಳೇ ಪಂಚೆಯಿಂದ ಅಷ್ಟೇ ಅಳತೆಯ ತುಂಡು ಹರಿದರು. ಹುರಿಗೆ ಸಿಕ್ಕಿಸಿ ಪೈಪಿನೊಳಗೆ ಇಳಿಬಿಟ್ಟು ಒಂದೇ ಎಳೆತಕ್ಕೆ ಎಳೆದರು. ಬಟ್ಟೆ ಕಪ್ಪಾಗಿ ಬಂತು. ಮತ್ತೊಂದು ತುಂಡು. ಸ್ವಲ್ಪ ಕಡಿಮೆ ಕಪ್ಪು. "ನಡುವೆ ನಿಲ್ಲಿಸಬಾರದು. ನಿಲ್ಲಿಸಿದ್ರೆ ಒಳಗೇ ಸಿಕ್ಕೊಳ್ಳುತ್ತೆ" ಅಂದರು. ಬಿಳಿ ಬಟ್ಟೆ ಬಿಳಿಯಾಗೇ ಹೊರಬರುವವರೆಗೆ ಬಿಡಲಿಲ್ಲ. ಬರೀ ಪೈಪು ಅದು. ಆದರೂ ಕಾಲು ಗಂಟೆ ಹಿಡಿಯಿತು. ಹುಡುಗ ಒಂದು ಮಾತಾಡಲಿಲ್ಲ.

ಗುರಿಯ ಪಾಠ ಬರುವುದು ಇಷ್ಟಾದ ಮೇಲೆ. ಸೇನೆಯ ಹಿಂದಿಯಲ್ಲಿ ಮೂರು ಸೂತ್ರ: ಮಜ್‌ಬೂತ್ ಪಕಡ್, ದುರುಸ್ತ್ ಶಿಸ್ತ್, ದುರುಸ್ತ್ ಟ್ರಿಗರ್. ಗಟ್ಟಿ ಹಿಡಿತ, ಸರಿಯಾದ ಗುರಿ, ಜರ್ಕ್ ಇಲ್ಲದೆ ಟ್ರಿಗರ್ ಒತ್ತುವುದು. ಅಲ್ಲಿ ಶಿಸ್ತ್ ಅಂದರೆ ಗುರಿ ಹಿಡಿಯುವುದು. ನಮ್ಮ ಶಿಸ್ತು ಅನ್ನುವ ಪದದ ಹಾಗೇ ಕೇಳುತ್ತದೆ, ನನಗಂತೂ ಅದು ಬಹಳ ಹಿಡಿಸಿತು. ಉಸಿರು ಅರ್ಧ ಬಿಟ್ಟು, ಹಿಡಿದು, ಬೆರಳನ್ನು ನಿಧಾನ ಒತ್ತಬೇಕು. ಎದೆ ಏರಿಳಿದರೆ ಕೋವಿಯ ತುದಿಯೂ ಏರಿಳಿಯುತ್ತದೆ. ಇಲ್ಲಿ ಕೂದಲೆಳೆಯಷ್ಟು ಅಲುಗಿದರೆ ನೂರು ಮೀಟರ್ ಆಚೆ ಗುಂಡು ಎಲ್ಲೋ ಹೋಗಿರುತ್ತದೆ.

ತೋಟದ ಆನೆಯೂ ಫೀಲ್ಡ್‌ಕ್ರಾಫ್ಟೂ

ಬಯಲಲ್ಲಿ ಕಣ್ಣಿಗೆ ಬೀಳದೆ ಚಲಿಸುವುದು, ಬೇರೆಯವರನ್ನು ಪತ್ತೆ ಹಚ್ಚುವುದು, ಇದಕ್ಕೆ ಫೀಲ್ಡ್‌ಕ್ರಾಫ್ಟ್ ಅನ್ನುತ್ತಾರೆ. ಮೊದಲ ಪಾಠದ ತಲೆಬರಹವೇ "ವಸ್ತುಗಳು ಯಾಕೆ ಕಾಣುತ್ತವೆ?" ಆಕಾರ, ಹೊಳಪು, ನೆರಳು, ಆಕಾಶದ ಬೆಳಕಿಗೆ ಎದ್ದು ಕಾಣುವ ಅಂಚು, ಮೇಲ್ಮೈಯ ಬಣ್ಣ, ಒಂದೇ ಸಮನಾದ ಅಂತರ, ಚಲನೆ. ಇವುಗಳಲ್ಲಿ ಯಾವುದಾದರೂ ಒಂದು ನಮ್ಮನ್ನು ಹಿಡಿದುಕೊಡುತ್ತದೆ.

ಇದನ್ನು ಆಲೂರು, ಸಕಲೇಶಪುರದ ಜನಕ್ಕೆ ಹೇಳಿಕೊಡಬೇಕಾಗಿಯೇ ಇಲ್ಲ. ಕಾಫಿ ಗಿಡಗಳ ನಡುವೆ ಇಪ್ಪತ್ತು ಅಡಿ ದೂರದಲ್ಲಿ ಆನೆ ನಿಂತಿರುತ್ತದೆ. ಅಷ್ಟು ದೊಡ್ಡ ಪ್ರಾಣಿ ಕಾಣುವುದಿಲ್ಲ. ಮರದ ನೆರಳು, ಮೈಮೇಲಿನ ಮಣ್ಣು, ಅಲುಗದ ನಿಲುವು. ಕಿವಿ ಬೀಸಿದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಆ ಕಿವಿ ಬೀಸಿದ್ದೇ ಚಲನೆ. ಸೈನಿಕನಿಗೆ ಹೇಳಿಕೊಡುವುದೂ ಅದೇ: ಆನೆಯಂತೆ ನಿಲ್ಲು, ಕಿವಿ ಬೀಸಬೇಡ. ಬಂಡೆಯ ಮೇಲಿಂದ ಇಣುಕಬೇಡ, ಪಕ್ಕದಿಂದ ಇಣುಕು. ವಾಚಿನ ಗಾಜು ಮುಚ್ಚು.

ನಕ್ಷೆ ಓದುವುದಕ್ಕೂ ನಮ್ಮ ನೆಲ ಒಳ್ಳೇ ಮೇಷ್ಟ್ರು. ಸೇನೆಯ ತರಬೇತಿಯಲ್ಲಿ ಬಳಸುವ ಸಾಮಾನ್ಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಅದರ ತುಂಬ ಕಂದು ಗೆರೆಗಳು. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಗೆರೆ ಅವು, ಸಮೋನ್ನತಿ ರೇಖೆ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಮಲೆನಾಡಿನ ಗದ್ದೆ ಬದುಗಳನ್ನು ಮೇಲಿಂದ ನೋಡಿದ ಹಾಗೆ ಅಂದುಕೊಳ್ಳಿ. ಬದು ಗುಡ್ಡದ ಮೈಯನ್ನು ಬಳಸಿಕೊಂಡು ಒಂದೇ ಮಟ್ಟದಲ್ಲಿ ಹೋಗುತ್ತದೆ. ಇಳಿಜಾರು ಕಡಿದಾದ ಕಡೆ ಬದುಗಳು ಹತ್ತಿರ ಹತ್ತಿರ, ಬಯಲಾದ ಕಡೆ ದೂರ ದೂರ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಗೆ ಬಂದಾಗ ಗೆರೆಗಳು ಒತ್ತೊತ್ತಾಗಿ, ಕೊನೆಗೊಂದು ಸಣ್ಣ ಸುತ್ತಾಗಿ ನಿಲ್ಲುತ್ತವೆ. ಬದು ಕಟ್ಟಿದವನಿಗೆ ಈ ಪಾಠ ಅರ್ಧ ದಿನದ್ದು.

ಪ್ರಥಮ ಚಿಕಿತ್ಸೆ, ವೈರ್‌ಲೆಸ್‌ನಲ್ಲಿ ಚುಟುಕಾಗಿ ಮಾತಾಡುವುದು, ರಾತ್ರಿ ಕಾವಲು, ಇವೂ ಇವೆ. ರಕ್ತ ಸೋರುವ ಗಾಯವನ್ನು ನೇರವಾಗಿ ಒತ್ತಿ ಹಿಡಿಯಬೇಕು ಅನ್ನುವುದೊಂದನ್ನು ಕಲಿತು ಬಂದರೂ ಸಾಕು. ಕತ್ತಿ, ಗರಗಸ ಹಿಡಿದು ದುಡಿಯುವ ತೋಟದಲ್ಲಿ ಅದು ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತದೆ.

ಒಂದು ತಿಂಗಳು ಸಾಕಾ?

ಸಾಕಾಗುವುದಿಲ್ಲ. ನಾಲ್ಕು ವರ್ಷಕ್ಕೆಂದು ಸೇನೆ ಸೇರುವ ಅಗ್ನಿವೀರರಿಗೂ ಹೆಚ್ಚುಕಡಿಮೆ ಆರು ತಿಂಗಳು ಕಲಿಸುತ್ತಾರೆ. ಹಾಗಾದರೆ ಒಂದು ತಿಂಗಳ ಉದ್ದೇಶ ಏನು?

ಕಾಫಿ ಕಸಿ, ಅಂದರೆ ಗಿಡದ ಬೇಡದ ರೆಕ್ಕೆ (ರೆಂಬೆ) ಕಡಿಯುವ ಕೆಲಸಕ್ಕೆ ಹೊಸದಾಗಿ ಬಂದವನನ್ನು ನೋಡಿ. ಮೊದಲ ವರ್ಷ ಅವನಿಗೆ ಹೇಳುವುದು ಯಾವ ರೆಕ್ಕೆ ಕಡಿಯಬಾರದು ಅಂತ. ಕತ್ತರಿ ಹಿಡಿಯುವುದು ಹೇಗೆ, ಗಿಡ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ. ಗಿಡ ನೋಡಿದ ಕೂಡಲೇ ಮುಂದಿನ ವರ್ಷದ ಫಸಲು ಎಲ್ಲಿ ಬರುತ್ತದೆ ಅಂತ ಹೇಳುವ ಕಣ್ಣು ಬರಲು ನಾಲ್ಕೈದು ಕಸಿ ಆಗಬೇಕು. ಮೊದಲ ತಿಂಗಳ ತರಬೇತಿ ಮೊದಲ ವರ್ಷದ ಕಸಿಯಂತೆ. ತನಗೂ ಪಕ್ಕದವನಿಗೂ ಅಪಾಯ ತರದೆ, ಗುಂಪಿನೊಳಗೆ ನಿಂತು, ಹೇಳಿದ್ದನ್ನು ಮಾಡುವಷ್ಟು ಮಾಡುವುದೇ ಅದರ ಗುರಿ. ಉಳಿದದ್ದು ವರ್ಷ ವರ್ಷದ ಶಿಬಿರದಲ್ಲಿ. ಹತ್ತು ವರ್ಷ ತಪ್ಪದೆ ಹೋದವನು ಶಿಬಿರದಲ್ಲೇ 20 ತಿಂಗಳು ಕಳೆದಿರುತ್ತಾನೆ.

ಆದರೆ ಎರಡು ಶಿಬಿರಗಳ ನಡುವೆ ಹತ್ತು ತಿಂಗಳ ಅಂತರ ಇದೆಯಲ್ಲ, ಅದೇ ಕಷ್ಟದ ಭಾಗ. ಪಾಠ ಮರೆತರೂ ಶಿಬಿರದಲ್ಲಿ ಬೇಗ ನೆನಪಾಗುತ್ತದೆ. ಮೈ ಹಾಗಲ್ಲ. ಊರಿಗೆ ಬಂದು ಓಡುವುದು ಬಿಟ್ಟವನು ಮುಂದಿನ ಶಿಬಿರದ ಮೊದಲ ಹದಿನೈದು ದಿನ ಮೈ ಸರಿಮಾಡಿಕೊಳ್ಳುವುದರಲ್ಲೇ ಕಳೆಯುತ್ತಾನೆ. ಅರೆಕಾಲಿಕ ಸೈನಿಕನಿಗೆ ಮನೆಯಲ್ಲಿ ಉಸ್ತಾದ್ ಇರುವುದಿಲ್ಲ. ನನ್ನ ಪ್ರಕಾರ ಈ ಸೇವೆಯ ನಿಜವಾದ ಪರೀಕ್ಷೆ ಆ ಹತ್ತು ತಿಂಗಳು.

ಕೆಲಸ, ಸಂಬಳ, ಪಿಂಚಣಿ

ತರಬೇತಿ ಅಥವಾ ಕರ್ತವ್ಯದಲ್ಲಿ ಇರುವಷ್ಟು ದಿನ ಸೇನೆಯ ಸಂಬಳ, ಭತ್ಯೆ ಸಿಗುತ್ತದೆ. ಮನೆಗೆ ಬಂದ ಮೇಲೆ ಇಲ್ಲ. ಇದು ಪೂರ್ಣಾವಧಿ ನೌಕರಿ ಅಲ್ಲ. ಪಿಂಚಣಿ ಬೇಕೆಂದರೆ ಎಂಬಾಡಿಮೆಂಟ್‌ನಲ್ಲಿ ಕಳೆದ ಸೇವೆಯನ್ನಷ್ಟೇ ಲೆಕ್ಕ ಹಾಕಿ ಜವಾನರಿಗೆ (ಸಾಮಾನ್ಯ ಸೈನಿಕರಿಗೆ) 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಆಗಿರಬೇಕು. ಸೇರಿದ್ದು ಹದಿನೈದು ವರ್ಷದ ಹಿಂದೆ ಅಂದ ಮಾತ್ರಕ್ಕೆ ಪಿಂಚಣಿ ಬರುವುದಿಲ್ಲ.

ಕಂಪನಿಯಲ್ಲಿ ಕೆಲಸ ಮಾಡುವವರಿಗೆ 1948ರ ಆ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಕಲಂ ಆಸರೆ. ಸೇವೆಗೆ ಕರೆಸಿಕೊಂಡವರನ್ನು ವಾಪಸ್ ಬಂದ ಮೇಲೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕರ ಹೊಣೆ ಅಂತ ಅದು ಹೇಳುತ್ತದೆ. ಸ್ವಂತ ತೋಟ, ಸ್ವಂತ ಆಟೋ ಇರುವವನಿಗೆ ಮಾಲೀಕ ತಾನೇ. ಆ ಎರಡು ತಿಂಗಳು ತೋಟ ನೋಡುವವರು ಯಾರು ಅಂತ ಕಾನೂನು ಹೇಳುವುದಿಲ್ಲ.

ಸೇರಬೇಕು ಅನ್ನುವವರಿಗೆ

ವಯಸ್ಸು 18ರಿಂದ 42. ಅಧಿಕಾರಿಯಾಗಲು ಪದವಿ ಬೇಕು, ಜೊತೆಗೆ ಸ್ವಂತ ಸಂಪಾದನೆ ಇರಬೇಕು. ಲಿಖಿತ ಪರೀಕ್ಷೆ, ಸಂದರ್ಶನ, ಎಸ್ಸೆಸ್‌ಬಿ (ಸೇನಾ ಆಯ್ಕೆ ಮಂಡಳಿಯ ಪರೀಕ್ಷೆ), ವೈದ್ಯಕೀಯ ತಪಾಸಣೆ ದಾಟಬೇಕು. ಜವಾನರ ಭರ್ತಿ ರ‍್ಯಾಲಿಗಳಲ್ಲಿ ನಡೆಯುತ್ತದೆ. ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಹುದ್ದೆಗೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಓಟ 1.6 ಕಿಲೋಮೀಟರ್. ಯಾವ ರಾಜ್ಯದವರು ಯಾವ ದಿನ ಬರಬೇಕು ಅಂತ ಪ್ರಕಟಣೆಯಲ್ಲೇ ಇರುತ್ತದೆ, ಅದನ್ನು ಸರಿಯಾಗಿ ಓದಿ. ಸೀಟು ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಕ್ಕ ಕೊನೆಗೆ ಮತ್ತೊಂದು ಪ್ರಶ್ನೆ ಕೇಳಿದಳು. "ಹಣ್ಣು ಕುಯ್ಯೋ ಹೊತ್ತಿಗೆ ಬಿಡ್ತಾರಾ ಅವನನ್ನ?" ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದಾದ ಮೇಲೆ. ಶಿಬಿರದ ದಿನಾಂಕ ನಿಗದಿ ಮಾಡುವುದು ಬೆಟಾಲಿಯನ್, ನಾವಲ್ಲ. ಮಿಲ್ಟ್ರಿ ಅಣ್ಣನೂ ಅದನ್ನೇ ಹೇಳಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆ ವರ್ಷ ಕೊಯ್ಲಿಗೆ ಆಳುಗಳಿಗೆ ಮೊದಲೇ ಹೇಳಿಡಬೇಕು ಅಂದಳು. ಹುಡುಗ ಈಗ ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಓಡುತ್ತಿದ್ದಾನೆ. ಎಡಗಾಲ ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡಿದ್ದಾನೆ.